ಧೂಳು ಹುಟ್ಟುವ ಜಾಗ

ಪಿಎಚ್.ಡಿ. ಕೆಲಸಕ್ಕಾಗಿ 1948ರ ಕಾರ್ಖಾನೆಗಳ ಕಾಯಿದೆ ಓದುತ್ತಿದ್ದವಳು 14ನೆಯ ಕಲಮಿನಲ್ಲಿ ನಿಂತುಬಿಟ್ಟೆ. ಧೂಳನ್ನು ಹೊರಗೆಳೆಯುವ ಸಾಧನ ಬೇಕಾದಲ್ಲಿ ಅದನ್ನು ಧೂಳು ಹುಟ್ಟುವ ಜಾಗಕ್ಕೆ ಆದಷ್ಟು ಹತ್ತಿರ ಇಡಬೇಕು ಎನ್ನುತ್ತಿತ್ತು ಆ ಕಲಮು. ತಕ್ಷಣ ಅಪ್ಪನ ಮರಗೆಲಸದ ಅಂಗಡಿ ನೆನಪಾಯಿತು. ಅಲ್ಲಿ ಧೂಳು ಹುಟ್ಟುವ ಜಾಗಕ್ಕೆ ಎಲ್ಲಕ್ಕಿಂತ ಹತ್ತಿರ ಇರುವುದು ಅಪ್ಪನ ಮೂಗು.

ಉಪ್ಪುಕಾಗದ ಹಿಡಿದು ಕೈಯಲ್ಲಿ ಉಜ್ಜುವಾಗ ಪುಡಿ ಬಹುಪಾಲು ಹಲಗೆಯ ಮೇಲೇ ಉಳಿಯುತ್ತಿತ್ತು. ಕರೆಂಟಿನ ಸ್ಯಾಂಡರ್ ಅದನ್ನು ಗಾಳಿಗೆ ಎರಚುತ್ತದೆ. ಕಣ್ಣಿಗೆ ಕಾಣುವ ಪುಡಿ ನೆಲಕ್ಕೆ ಬೀಳುತ್ತದೆ, ಕಾಣದ್ದು ತುಂಬಾ ಹೊತ್ತು ತೇಲುತ್ತಲೇ ಇರುತ್ತದೆ.

ಧೂಳನ್ನು ಊದಬಾರದು, ಹೀರಬೇಕು ಎಂಬ ಯೋಚನೆ ಹೊಸದೇನಲ್ಲ. ಲಂಡನ್ನಿನಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರ್, ಗಾಳಿ ಊದಿ ಧೂಳು ಹಾರಿಸುವ ಯಂತ್ರವೊಂದನ್ನು ನೋಡಿ, ಹೋಟೆಲಿನ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ ಬಾಯಿಂದ ಹೀರಿ ಪರೀಕ್ಷಿಸಿದ. 1901ರಲ್ಲಿ ಅವನ ಹೀರುಯಂತ್ರಕ್ಕೆ ಪೇಟೆಂಟ್ ಸಿಕ್ಕಿತು. ಮರುವರ್ಷ ಏಳನೆಯ ಎಡ್ವರ್ಡ್‌ನ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಜಮಖಾನೆಗಳನ್ನು ಅದೇ ಯಂತ್ರ ಶುಚಿಮಾಡಿತು. ರಾಜನ ಕಾಲಡಿಯ ಧೂಳಿಗೆ ಇಷ್ಟು ಬೇಗ ದಾರಿ ಸಿಕ್ಕಿತು.

ಬಡಗಿಯ ಮೂಗಿನ ಧೂಳಿಗೆ ಕಾಯಬೇಕಾಯಿತು. ಲಂಡನ್ನಿನಿಂದ ಅಷ್ಟೇನೂ ದೂರವಿಲ್ಲದ ಹೈ ವಿಕಂಬ್ ಕುರ್ಚಿಗಳ ಊರು. ಸುತ್ತಲಿನ ಬೀಚ್ ಮರಗಳೇ ಅಲ್ಲಿನ ಕಸುಬಿಗೆ ಮೂಲ. 1960ರ ದಶಕದಲ್ಲಿ ಅಲ್ಲಿನ ಕಿವಿ-ಮೂಗು-ಗಂಟಲು ತಜ್ಞೆ ಎಸ್ಮಿ ಹ್ಯಾಡ್‌ಫೀಲ್ಡ್ ಒಂದು ವಿಷಯ ಗಮನಿಸಿದರು: ಮೂಗಿನ ಒಳಭಾಗದ ಅಪರೂಪದ ಕ್ಯಾನ್ಸರ್ ಹೊತ್ತು ಬಂದವರಲ್ಲಿ ಪೀಠೋಪಕರಣ ಮಾಡುವವರೇ ಹೆಚ್ಚು. ಆಕ್ಸ್‌ಫರ್ಡಿನ ಮ್ಯಾಕ್‌ಬೆತ್, ಡೊನಾಲ್ಡ್ ಆಚಿಸನ್ ಮೊದಲಾದವರ ಜೊತೆ ಸೇರಿ ಅವರು ರೋಗಿಗಳ ಕಸುಬುಗಳನ್ನು ಲೆಕ್ಕಹಾಕಿ 1968ರಲ್ಲಿ ಪ್ರಕಟಿಸಿದರು. ಮರುವರ್ಷವೇ ಬ್ರಿಟನ್ ಅದನ್ನು ಔದ್ಯೋಗಿಕ ರೋಗವೆಂದು ಒಪ್ಪಿತು. 1995ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಧೂಳು ಹೊಕ್ಕ ಎಷ್ಟೋ ದಶಕಗಳ ನಂತರ ಕಾಣಿಸಿಕೊಳ್ಳುವ ರೋಗವಿದು. ಒಂದೇ ಊರಿನಲ್ಲಿ ಅಷ್ಟು ಜನ ಬಡಗಿಗಳು, ಲೆಕ್ಕ ಇಡುವ ಒಬ್ಬ ವೈದ್ಯೆ, ಇಬ್ಬರೂ ಇರದಿದ್ದರೆ ಪ್ರತಿಯೊಂದು ಸಾವೂ ಅವರವರ ಹಣೆಬರಹವಾಗಿ ಹೋಗುತ್ತಿತ್ತು.

ನಮ್ಮ ಊರೂರಿನ ಬಡಗಿಗಳು ಹಾಗೆ ಒಂದೆಡೆ ಸಿಗುವುದಿಲ್ಲ. ಕಾಯಿದೆಯ ಕಣ್ಣಿಗೂ ಬೀಳುವುದಿಲ್ಲ: ಕರೆಂಟ್ ಬಳಸುವ ಕಡೆ ಹತ್ತು ಜನ ಕೆಲಸಗಾರರಿದ್ದರೆ ಕಾರ್ಖಾನೆ ಎಂದಿತು 1948ರ ಕಾಯಿದೆ. ಅಪ್ಪನ ಅಂಗಡಿಯಲ್ಲಿ ಇರುವವರು ಮೂವರು.

ಇದನ್ನೆಲ್ಲ ಹೇಳಿದಾಗ ಅಪ್ಪ ನಕ್ಕರು. “ಮರದ ಪುಡಿ ಕಣಮ್ಮ, ವಿಷ ಅಲ್ಲ.” ನಾನು ವಾದಿಸಲಿಲ್ಲ. ಫೆಲೋಶಿಪ್ ಹಣದಲ್ಲಿ ವರ್ಕ್‌ಶಾಪಿನ ವ್ಯಾಕ್ಯೂಮ್ ಒಂದನ್ನು ತಂದೆ. ಮನೆಯದು ಸಾಲದು, ನುಣುಪು ಧೂಳಿಗೆ ಅದರ ಫಿಲ್ಟರ್ ಬೇಗ ಕಟ್ಟಿಕೊಂಡು ಎಳೆತ ಕುಗ್ಗುತ್ತದೆ. ಸ್ಯಾಂಡರಿನ ಹಿಂಬದಿಗೆ ಪೈಪು ಸಿಕ್ಕಿಸಿದೆವು. ಉಪ್ಪುಕಾಗದದ ತೂತುಗಳು ತಳದ ತೂತುಗಳಿಗೆ ಸರಿಯಾಗಿ ಕೂತಿರಬೇಕು, ಇಲ್ಲದಿದ್ದರೆ ಹೀರುವುದೇ ಇಲ್ಲ. ಅದನ್ನು ನನಗೆ ತೋರಿಸಿಕೊಟ್ಟವರು ಅಪ್ಪನೇ. ಮಾಸ್ಕ್ ಮಾತ್ರ ಇನ್ನೂ ಮೊಳೆಗೆ ನೇತಾಡುತ್ತಿದೆ.

ಮೊದಲ ದಿನ ಸಂಜೆ ಚೀಲ ಬಿಚ್ಚಿದರು. ತೇಗದ ಪುಡಿ, ಹಿಟ್ಟಿನಷ್ಟು ನುಣ್ಣಗೆ. ಬೊಗಸೆಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದರು.

“ಇದು ಒಂದು ದಿನದ್ದಾ?” ಎಂದರು.

ಅವರು ಈ ಕೆಲಸಕ್ಕೆ ಇಳಿದು ಮೂವತ್ತೊಂದು ವರ್ಷ.