ಶ್ರೀರಂಗಪಟ್ಟಣದ ಜ್ವರ: ರೋಗನಿದಾನದ ಇತಿಹಾಸದಲ್ಲಿ ಒಂದು ಅಧ್ಯಾಯ

ಕಾಲೇಜಿನ ಅಧ್ಯಾಪಕರೆಲ್ಲರಿಗೂ ಪರಿಚಿತವಾದ ಸಂಗತಿಯೊಂದರಿಂದ ಈ ಲೇಖನವನ್ನು ಆರಂಭಿಸಬಹುದು. ಮಳೆಗಾಲ ಕಳೆಯುವ ಹೊತ್ತಿಗೆ ತರಗತಿಯಲ್ಲಿ ಕೆಲವು ಸ್ಥಳಗಳು ಬರಿದಾಗುತ್ತವೆ. ಕೃಷ್ಣರಾಜಪೇಟೆಯ ಕಡೆಯಿಂದಲೋ ನಾಗಮಂಗಲದ ಕಡೆಯಿಂದಲೋ ಬಂದು ವಿದ್ಯಾರ್ಥಿನಿಲಯದಲ್ಲಿ ತಂಗಿರುವ ಹುಡುಗನು ಜ್ವರವೆಂದು ಊರಿಗೆ ಹೋದವನು ಹತ್ತು ಹದಿನೈದು ದಿನಗಳ ಮೇಲೆ ಸೊರಗಿ ಹಿಂದಿರುಗುತ್ತಾನೆ. ವಿಚಾರಿಸಿದರೆ ಅವನ ದೂರುಗಳು ಎರಡು. ವೈದ್ಯರನ್ನು ಕಾಣಲು ಸರದಿಯಲ್ಲಿ ದಿನಗಟ್ಟಲೆ ಕಾದುದು ಒಂದು. ಕಂಡ ಮೇಲೂ ಒಬ್ಬರು ಒಂದು ಜ್ವರವೆಂದೂ ಮತ್ತೊಬ್ಬರು ಇನ್ನೊಂದು ಜ್ವರವೆಂದೂ ಹೇಳಿದುದು ಮತ್ತೊಂದು.

ಈ ಎರಡು ದೂರುಗಳನ್ನು ನಾವು ಸಾಮಾನ್ಯವಾಗಿ ಒಂದೇ ಎಂದು ಎಣಿಸುತ್ತೇವೆ. ಇತಿಹಾಸದ ದೃಷ್ಟಿಯಿಂದ ಅವು ಬೇರೆ ಬೇರೆ. ವೈದ್ಯನು ದೊರೆತರೂ ರೋಗವು ತಿಳಿಯದಿದ್ದ ಕಾಲವೊಂದಿತ್ತು. ರೋಗವು ತಿಳಿದ ಮೇಲೂ ವೈದ್ಯನು ರೋಗಿಗೆ ದೊರೆಯದಿದ್ದ ಕಾಲವೂ ಇತ್ತು. ಕಾವೇರಿ ಹೇಮಾವತಿಗಳ ಈ ಸೀಮೆಯು ಎರಡನ್ನೂ ಕಂಡಿದೆ. ಆ ಅನುಭವವನ್ನು ಸಂಗ್ರಹವಾಗಿ ಪರಿಶೀಲಿಸುವುದೇ ಇಲ್ಲಿಯ ಉದ್ದೇಶ.

೧

೧೭೯೯ನೆಯ ಮೇ ೪ರಂದು ಶ್ರೀರಂಗಪಟ್ಟಣವು ಇಂಗ್ಲಿಷರ ವಶವಾಯಿತು. ಮರುವರ್ಷ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕನನ್ ಟಿಪ್ಪುವಿನ ಕಾಲದಲ್ಲಿ ದ್ವೀಪದ ಜನಸಂಖ್ಯೆ ೧,೫೦,೦೦೦ ಇದ್ದಿರಬೇಕೆಂದು ಅಂದಾಜು ಮಾಡಿದನು. ಅವನು ಕಂಡಾಗ ಉಳಿದಿದ್ದವರು ಸುಮಾರು ೩೨,೦೦೦. ಈ ಇಳಿತಕ್ಕೆ ಯುದ್ಧವೂ ರಾಜಧಾನಿ ಮೈಸೂರಿಗೆ ಹೋದುದೂ ಮುಖ್ಯ ಕಾರಣಗಳು. ಆದರೆ ಅನಂತರ ಪಟ್ಟಣವು ಮತ್ತೆ ತಲೆಯೆತ್ತದಿದ್ದುದಕ್ಕೆ ಜ್ವರವೂ ಕಾರಣವೆಂದು ಆ ಶತಮಾನದ ಬರಹಗಾರರು ಪದೇ ಪದೇ ಹೇಳಿದ್ದಾರೆ. ದಂಡಿನ ಮುಖ್ಯಠಾಣೆಯನ್ನು ಕೆಲವೇ ವರ್ಷಗಳಲ್ಲಿ ಬೆಂಗಳೂರಿಗೆ ಸಾಗಿಸಿದುದಕ್ಕೆ ಕೊಟ್ಟ ಕಾರಣವೂ ಸ್ಥಳದ ಅನಾರೋಗ್ಯವೇ. ೧೮೦೦ರಿಂದ ೧೮೬೦ರವರೆಗಿನ ಸುಮಾರು ೩೦೦ ಸಮಾಧಿಗಳುಳ್ಳ ದಂಡಿನ ಸ್ಮಶಾನವು ಇಂದಿಗೂ ಅಲ್ಲಿದೆ.

ಗಮನಿಸಬೇಕಾದ ಸಂಗತಿಯೆಂದರೆ, ಈ ಸೈನಿಕರಿಗೆ ವೈದ್ಯರ ಕೊರತೆಯಿರಲಿಲ್ಲ. ಪಡೆಗಳಿಗೆ ತಮ್ಮದೇ ಆದ ಶಸ್ತ್ರವೈದ್ಯರಿದ್ದರು. ಇಲ್ಲದಿದ್ದುದು ರೋಗದ ಜ್ಞಾನ. ಕೊಳೆತ ಎಲೆ, ಜೌಗು ನೆಲ, ಕಂದಕದ ನೀರು ಇವುಗಳಿಂದೇಳುವ ಕೆಟ್ಟ ಗಾಳಿಯೇ ಜ್ವರಕ್ಕೆ ಮೂಲವೆಂಬುದು ಆಗಿನ ವೈದ್ಯಶಾಸ್ತ್ರದ ಮತ. ‘ಮಲೇರಿಯ’ ಎಂಬ ಇಟಾಲಿಯನ್ ಮಾತಿನ ಅರ್ಥವೇ ಕೆಟ್ಟ ಗಾಳಿ. ಗಾಳಿಗೆ ಚಿಕಿತ್ಸೆಯಿಲ್ಲವಾದ್ದರಿಂದ ಉಳಿದ ಉಪಾಯ ಸ್ಥಳತ್ಯಾಗವೊಂದೇ. ದಂಡಿಗೆ ಅದು ಸಾಧ್ಯವಾಯಿತು. ಗಂಜಾಂನ ಒಕ್ಕಲಿಗನಿಗೆ, ನಾಲೆಯ ಬಯಲಿನ ಕೂಲಿಯವನಿಗೆ ಸಾಧ್ಯವಾಗಲಿಲ್ಲ.

ನಮ್ಮ ಆಯುರ್ವೇದವು ವಿಷಮಜ್ವರವನ್ನು ಅದು ಬರುವ ದಿನಗಳನ್ನು ಅನುಸರಿಸಿ ವಿಂಗಡಿಸಿತ್ತು. ತೃತೀಯಕ, ಚತುರ್ಥಕ ಎಂಬ ಹೆಸರುಗಳು ಆ ವಿಂಗಡಣೆಯಿಂದ ಬಂದವು. ಇದು ರೋಗಕಾರಣವನ್ನು ತಿಳಿಸದಿದ್ದರೂ ರೋಗದ ಗುರುತನ್ನು ತಿಳಿಸುತ್ತಿತ್ತು. ದಿನಗಳನ್ನು ಎಣಿಸುವ ಈ ಕ್ರಮದ ಬೆಲೆಯನ್ನು ಮುಂದೆ ನೋಡುತ್ತೇವೆ.

ಹಾಗೆಂದು ಶ್ರೀರಂಗಪಟ್ಟಣದ ಜ್ವರವೆಲ್ಲವೂ ಮಲೇರಿಯವೇ ಎಂದು ಇಂದು ನಾವು ತೀರ್ಮಾನಿಸುವುದು ಸಾಧುವಲ್ಲ. ಅಂದಿನ ಕಾಗದಪತ್ರಗಳಲ್ಲಿ ಜ್ವರವೆಂಬ ಒಂದೇ ಮಾತಿನಲ್ಲಿ ವಿಷಮಶೀತಜ್ವರವೂ ಅಡಗಿರಬಹುದು. ಗತಕಾಲದ ರೋಗಿಗೆ ದೂರದಿಂದ ನಿದಾನ ಹೇಳುವ ಇತಿಹಾಸಕಾರನು ಅವಸರದ ವೈದ್ಯನ ತಪ್ಪನ್ನೇ ಮಾಡಿದಂತಾಗುತ್ತದೆ.

೨

೧೮೮೦ರಲ್ಲಿ ಲಾವೆರಾನ್ ಆಲ್ಜೀರಿಯದಲ್ಲಿ ರೋಗಿಯ ರಕ್ತದೊಳಗೆ ಮಲೇರಿಯದ ಪರೋಪಜೀವಿಯನ್ನು ಕಂಡನು. ೧೮೯೭ರ ಆಗಸ್ಟ್ ೨೦ರಂದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಅದನ್ನು ಸೊಳ್ಳೆಯ ಹೊಟ್ಟೆಯಲ್ಲಿ ಗುರುತಿಸಿದನು. ಇಲ್ಲಿಂದ ಮುಂದೆ ಜ್ವರದ ನಿಜರೂಪವನ್ನು ಒಂದು ತೊಟ್ಟು ರಕ್ತ, ಒಂದು ಗಾಜಿನ ಪಟ್ಟಿ, ಒಂದು ಸೂಕ್ಷ್ಮದರ್ಶಕ ಇವು ಹೇಳಬಲ್ಲವಾದವು. ಆದರೆ ಸೂಕ್ಷ್ಮದರ್ಶಕವಿದ್ದುದು ಪಟ್ಟಣಗಳಲ್ಲಿ; ಜ್ವರವಿದ್ದುದು ಹಳ್ಳಿಗಳಲ್ಲಿ.

ಈ ಅಂತರವು ಕನ್ನಂಬಾಡಿಯ ಕಟ್ಟೆಯ ಕಾಲದಲ್ಲಿ ತೀವ್ರವಾಯಿತು. ೧೯೧೧ರಲ್ಲಿ ಆರಂಭವಾದ ಕೃಷ್ಣರಾಜಸಾಗರದಿಂದ ಹೊರಟ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ೧೯೩೦ರ ದಶಕದಲ್ಲಿ ಮಂಡ್ಯದ ಸೀಮೆಗೆ ಕಬ್ಬನ್ನೂ ಬತ್ತವನ್ನೂ ತಂದಿತು. ನಾಲೆಯ ಅಂಚಿನ ಒಸರು ನೀರೂ ಗದ್ದೆಬಯಲೂ ಅನಾಫಿಲಿಸ್ ಸೊಳ್ಳೆಗೆ ಅನುಕೂಲವಾದುದರಿಂದ ಮಲೇರಿಯವೂ ಜೊತೆಯಲ್ಲಿಯೇ ಬಂದಿತು. ಸಂಪತ್ತನ್ನು ತಂದ ನೀರೇ ರೋಗವನ್ನೂ ತಂದುದು ಈ ಜಿಲ್ಲೆಯ ಇತಿಹಾಸದ ವಿಪರ್ಯಾಸ.

ಮೈಸೂರು ಸರ್ಕಾರವು ಸುಮ್ಮನಿರಲಿಲ್ಲ. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ೧೯೨೦ರ ದಶಕದ ಕೊನೆಯಲ್ಲಿ ಮಲೆನಾಡಿನ ಮೂಡಿಗೆರೆ, ಮೈಸೂರಿನ ಸಮೀಪದ ನಾಗನಹಳ್ಳಿ ಮೊದಲಾದೆಡೆಗಳಲ್ಲಿ ಮಲೇರಿಯ ಸಂಶೋಧನ ಕೇಂದ್ರಗಳನ್ನು ತೆರೆಯಿತು. ಡಬ್ಲ್ಯು. ಸಿ. ಸ್ವೀಟ್ ಮತ್ತು ಬಿ. ಎ. ರಾವ್ ೧೯೩೭ರಲ್ಲಿ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯ ಮೊಟ್ಟೆಗಳನ್ನು ಹೋಲಿಸಿ ಅದರಲ್ಲಿ ಒಂದು ಪ್ರಭೇದವನ್ನು ಬೇರ್ಪಡಿಸಿದರು. ‘ಮೈಸೊರೆನ್ಸಿಸ್’ ಎಂಬ ಅದರ ಹೆಸರು ಕೀಟಶಾಸ್ತ್ರದ ಗ್ರಂಥಗಳಲ್ಲಿ ಇಂದಿಗೂ ಉಳಿದಿದೆ.

ಇಂತಹ ಪರಿಶೀಲನೆಗಳಲ್ಲಿ ಬಳಸುತ್ತಿದ್ದ ಒಂದು ಕ್ರಮವು ನಮ್ಮ ವಿಷಯಕ್ಕೆ ಬಹಳ ಸಮೀಪದ್ದು. ಉತ್ತರ ಹಿಂದೂಸ್ಥಾನದ ನಾಲೆಗಳ ಪ್ರದೇಶದಲ್ಲಿ ೧೮೪೦ರ ದಶಕದಲ್ಲಿ ಡೆಂಪ್ಸ್ಟರ್ ಎಂಬ ವೈದ್ಯನು ಜನರ ಗುಲ್ಮವನ್ನು ಮುಟ್ಟಿನೋಡಿ, ಊದಿದ ಗುಲ್ಮವುಳ್ಳವರ ಪ್ರಮಾಣದಿಂದ ಊರಿನ ಮಲೇರಿಯವನ್ನು ಅಳೆದನು. ಮುಂದೆ ಎರಡರಿಂದ ಹತ್ತು ವರ್ಷದ ಮಕ್ಕಳ ಪರೀಕ್ಷೆಯೇ ರೂಢಿಯಾಯಿತು. ಮಕ್ಕಳು ಒಂದೆಡೆ ಸಿಕ್ಕುತ್ತಿದ್ದುದು ಶಾಲೆಯಲ್ಲಿ. ಹೀಗೆ ವೈದ್ಯನು ವಿದ್ಯಾರ್ಥಿಯ ಬಳಿಗೆ ತಾನಾಗಿಯೇ ಬಂದನು. ಆದರೆ ಬಂದುದು ಆ ಹುಡುಗನ ರೋಗವನ್ನು ತಿಳಿಯಲು ಅಲ್ಲ, ಊರಿನ ರೋಗವನ್ನು ತಿಳಿಯಲು. ನೂರಕ್ಕೆ ನಲವತ್ತು ಎಂಬ ಲೆಕ್ಕವು ಹಳ್ಳಿಯ ವಿಷಯದಲ್ಲಿ ಸತ್ಯವಾದರೂ, ಮೂರನೆಯ ಬೆಂಚಿನಲ್ಲಿ ನಡುಗುತ್ತ ಕುಳಿತ ಬಾಲಕನಿಗೆ ಅದರಿಂದ ಉತ್ತರ ದೊರೆಯಲಿಲ್ಲ. ಸಮುದಾಯದ ನಿದಾನವು ವ್ಯಕ್ತಿಯ ನಿದಾನಕ್ಕೆ ಬದಲಿಯಾಗಲಾರದು.

೩

೧೯೫೩ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮವೂ ೧೯೫೮ರಲ್ಲಿ ನಿರ್ಮೂಲನ ಕಾರ್ಯಕ್ರಮವೂ ಆರಂಭವಾದುವು. ಡಿ.ಡಿ.ಟಿ.ಯ ಸಿಂಪರಣೆಯ ಜೊತೆಗೆ ಇನ್ನೊಂದು ಮಹತ್ವದ ಏರ್ಪಾಡೂ ಆಯಿತು: ಕಾರ್ಯಕರ್ತನು ಮನೆಮನೆಗೆ ಬಂದು ಜ್ವರವಿದ್ದವರ ರಕ್ತಲೇಪವನ್ನು ತೆಗೆದುಕೊಂಡು ಹೋಗುವುದು. ವೈದ್ಯನ ಬಳಿಗೆ ರೋಗಿ ಹೋಗಬೇಕೆಂಬ ನಿಯಮವನ್ನು ಇದು ತಿರುಗಿಸಿತು. ಆದರೆ ಪರೀಕ್ಷೆಯ ಫಲವು ಕೈಸೇರುವ ಮೊದಲು ಊಹೆಯ ಮೇಲೆಯೇ ಮಾತ್ರೆ ಕೊಡಬೇಕಾಗುತ್ತಿತ್ತು. ದೇಶದಲ್ಲಿ ತೀರ ಇಳಿದಿದ್ದ ಮಲೇರಿಯ ೧೯೭೬ರ ವೇಳೆಗೆ ೬೪ ಲಕ್ಷ ಪ್ರಕರಣಗಳಿಗೆ ಏರಿದುದು, ಗೆದ್ದೆವೆಂದು ಎಚ್ಚರ ತಪ್ಪಿದುದರ ಫಲ.

ಅಂದಿನಿಂದ ಈ ಸೀಮೆಯಲ್ಲಿ ವೈದ್ಯಕೀಯ ಸೌಕರ್ಯ ಬೆಳೆದಿದೆ. ನಾಗಮಂಗಲ ತಾಲ್ಲೂಕಿನ ಬಿ. ಜಿ. ನಗರದಲ್ಲಿಯೂ ಮಂಡ್ಯದಲ್ಲಿಯೂ ವೈದ್ಯಕೀಯ ಕಾಲೇಜುಗಳಿವೆ. ಅತ್ತ ಜ್ವರಗಳೂ ಬದಲಾಗಿವೆ. ೨೦೦೬ರ ಸುಮಾರಿಗೆ ಚಿಕೂನ್‌ಗುನ್ಯ ಕರ್ನಾಟಕದಾದ್ಯಂತ ಹರಡಿತು. ಡೆಂಗಿ ವರ್ಷವರ್ಷವೂ ಕಾಣುತ್ತದೆ. ಮೊದಲ ಎರಡು ಮೂರು ದಿನಗಳಲ್ಲಿ ಇವೂ ವಿಷಮಶೀತಜ್ವರವೂ ಒಂದನ್ನೊಂದು ಹೋಲುತ್ತವೆ. ಪರೀಕ್ಷೆಗಳಿಗೂ ತಮ್ಮ ತಮ್ಮ ಕಾಲವುಂಟು. ಡೆಂಗಿಯ ಒಂದು ಪರೀಕ್ಷೆ ಆರಂಭದ ದಿನಗಳಲ್ಲಿ ಫಲ ಕೊಟ್ಟರೆ, ಇನ್ನೊಂದು ಸುಮಾರು ಐದು ದಿನಗಳಾದ ಮೇಲೆ ಕೊಡುತ್ತದೆ. ೧೮೯೬ರಷ್ಟು ಹಳೆಯದಾದ ವಿಡಾಲ್ ಪರೀಕ್ಷೆಯನ್ನು ಒಮ್ಮೆ ಮಾತ್ರ ಮಾಡಿ ವಿಷಮಶೀತಜ್ವರವೆಂದು ನಿಶ್ಚಯಿಸುವುದು ಭ್ರಮೆಗೆ ಎಡೆಕೊಡುತ್ತದೆ. ಆದ್ದರಿಂದ ಸರದಿಯಲ್ಲಿ ಕಳೆದ ಎರಡು ದಿನಗಳು ಬರಿಯ ಬೇಸರದ ವಿಷಯವಲ್ಲ. ಯಾವ ಪರೀಕ್ಷೆ ಸಲ್ಲುತ್ತದೆಂಬುದನ್ನೇ ಅವು ಬದಲಿಸುತ್ತವೆ. ನಮ್ಮ ವಿದ್ಯಾರ್ಥಿಯ ಮೊದಲನೆಯ ದೂರೇ ಹೀಗೆ ಎರಡನೆಯದಕ್ಕೆ ಕಾರಣವಾಗುವುದುಂಟು.

ಇಲ್ಲಿ ದಿನಗಳನ್ನು ಎಣಿಸುತ್ತಿದ್ದ ಹಳೆಯ ಕ್ರಮಕ್ಕೆ ಮತ್ತೆ ಬೆಲೆ ಬರುತ್ತದೆ. ಜ್ವರ ಎಂದು ಮೊದಲಾಯಿತು, ಯಾವ ಹೊತ್ತಿನಲ್ಲಿ ಏರಿತು, ಯಾವ ಮಾತ್ರೆ ನುಂಗಿದೆ, ಯಾವ ಪರೀಕ್ಷೆ ಯಾವ ದಿನ ಆಯಿತು ಎಂಬ ನಾಲ್ಕು ಸಾಲುಗಳ ಟಿಪ್ಪಣಿ ಕೈಯಲ್ಲಿದ್ದರೆ ಐದು ನಿಮಿಷಗಳ ಭೇಟಿಯೂ ಸಾರ್ಥಕವಾಗಬಹುದು. ಇದರಿಂದ ವೈದ್ಯರ ಸಂಖ್ಯೆ ಹೆಚ್ಚುವುದಿಲ್ಲ. ಹೆಚ್ಚಿಸಬೇಕಾದ ಹೊಣೆಯಿಂದ ಸರ್ಕಾರವಾಗಲಿ ವಿದ್ಯಾಸಂಸ್ಥೆಗಳಾಗಲಿ ಮುಕ್ತರಾಗುವುದೂ ಇಲ್ಲ. ಶ್ರೀರಂಗಪಟ್ಟಣದಲ್ಲಿ ವೈದ್ಯನಿದ್ದನು, ಅರಿವು ಇರಲಿಲ್ಲ. ನಾಲೆಯ ಹಳ್ಳಿಗಳ ಕಾಲಕ್ಕೆ ಅರಿವು ಬಂದಿತ್ತು, ಅದು ರೋಗಿಯ ಮನೆಯನ್ನು ಸೇರಿರಲಿಲ್ಲ. ಇಂದು ಎರಡೂ ಇವೆ. ಅವೆರಡೂ ಒಬ್ಬ ವಿದ್ಯಾರ್ಥಿಯ ಹಾಸಿಗೆಯ ಬಳಿ ಸಕಾಲದಲ್ಲಿ ಸೇರುವಂತೆ ಮಾಡುವುದು ಇನ್ನೂ ಉಳಿದಿರುವ ಕೆಲಸ.