ಹೊಳೆಯ ಈಜು, ಅಳತೆಯ ನೀರು

ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿರುವ ಬೋವಿಕಾನ ಮುಳಿಯಾರು ಪಂಚಾಯತಿನ ಪೇಟೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯವನ್ನು ಹಾದು ಇಳಿದು ಬರುವ ಪಯಸ್ವಿನಿ ಇದೇ ಪಂಚಾಯತಿನ ಅಂಚಿನಲ್ಲಿ ಹರಿದು, ಚಂದ್ರಗಿರಿ ಹೊಳೆಯಾಗಿ ಕಾಸರಗೋಡಿನ ಬಳಿ ಕಡಲು ಸೇರುತ್ತದೆ. ಇಂಥ ಊರುಗಳಲ್ಲಿ ಈಜಿಗೆ ಗುರು ಇರಲಿಲ್ಲ, ಶಾಲೆಯೂ ಇರಲಿಲ್ಲ. ಸೊಂಟಕ್ಕೆ ಜೋಡಿ ಒಣ ತೆಂಗಿನಕಾಯಿ ಕಟ್ಟಿಕೊಂಡೋ ಬಾಳೆದಂಡಿಗೆ ಎದೆಯೂರಿಯೋ ತೋಟದ ಕೆರೆಯಲ್ಲಿ ಕೈಕಾಲು ಬಡಿದ ಹುಡುಗರು ಒಂದೆರಡು ಬೇಸಿಗೆ ಕಳೆಯುವುದರೊಳಗೆ ಹೊಳೆಯ ಕಯಕ್ಕೆ ಧುಮುಕುವಷ್ಟು ಬಲಿಯುತ್ತಿದ್ದರು. ಹಾಗಿದ್ದೂ ಕನ್ನಡನಾಡಿನ ಈಜುಪಟುಗಳ ಹೆಸರು ಬಂದಾಗ ಹೊಳೆಬದಿಯ ಊರುಗಳ ಮಾತು ಏಳುವುದಿಲ್ಲ. ದೊಡ್ಡ ನದಿಯೇ ಇಲ್ಲದ ಬೆಂಗಳೂರಿನ ಮಾತು ಏಳುತ್ತದೆ. ಗಡಿನಾಡಿನ ಕಡೆಗಣನೆ, ಸರಕಾರಗಳ ಅಸಡ್ಡೆ ಎಂದು ಇದಕ್ಕೆ ಕಾರಣ ಕೊಡುವುದುಂಟು. ಅದರಲ್ಲಿ ಸತ್ಯವಿದೆ, ಆದರೆ ಅಷ್ಟೇ ಸಾಲದು. ಸ್ಪರ್ಧೆಯ ಈಜನ್ನು ಹೊಳೆಯ ಈಜಿನ ಮುಂದುವರಿಕೆ ಎಂದು ನಾವು ಭಾವಿಸಿದ್ದೇವೆ. ಅದರ ಚರಿತ್ರೆಯನ್ನು ನೋಡಿದರೆ ಕಾಣುವುದು ಬೇರೆ: ಹೊಳೆಯ ಹಿಡಿತದಿಂದ ಬಿಡಿಸಿಕೊಳ್ಳಲೆಂದೇ ಆ ಸ್ಪರ್ಧೆ ತನ್ನ ನಿಯಮಗಳನ್ನು ಒಂದೊಂದಾಗಿ ಕಟ್ಟಿಕೊಂಡಿತು.

1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಈಜು ನಡೆದದ್ದು ಕಡಲಿನ ಕೊಲ್ಲಿಯಲ್ಲಿ, ಕೊರೆಯುವ ತಣ್ಣೀರಿನಲ್ಲಿ. 100 ಮೀಟರ್ ಮತ್ತು 1200 ಮೀಟರ್ ಎರಡನ್ನೂ ಗೆದ್ದ ಹಂಗೇರಿಯ ಆಲ್ಫ್ರೆಡ್ ಹಾಯೋಶ್, ತಂದೆ ಡ್ಯಾನ್ಯೂಬ್ ನದಿಯಲ್ಲಿ ಮುಳುಗಿ ತೀರಿಕೊಂಡ ಬಳಿಕ ಈಜು ಕಲಿತವನು. ಉದ್ದದ ಸ್ಪರ್ಧೆಯಲ್ಲಿ ಗೆಲ್ಲುವುದಕ್ಕಿಂತ ಬದುಕಿ ದಡ ಸೇರುವುದೇ ತನಗೆ ಮುಖ್ಯವಾಗಿತ್ತೆಂದು ಅವನು ಮುಂದೆ ಹೇಳಿಕೊಂಡಿದ್ದಾನೆ. 1900ರಲ್ಲಿ ಪ್ಯಾರಿಸ್‌ನ ಸೇನ್ ನದಿಯೇ ಅಂಗಣವಾಯಿತು. ಪ್ರವಾಹದ ಜೊತೆ ಈಜಿದ್ದರಿಂದ ದಾಖಲಾದ ವೇಗಗಳು ಆ ಕಾಲಕ್ಕೆ ನಂಬಲಾಗದಷ್ಟು ಹೆಚ್ಚಿದ್ದವು. ಆ ವೇಗದಲ್ಲಿ ಈಜುಗಾರನ ಪಾಲೆಷ್ಟು, ನೀರಿನ ಪಾಲೆಷ್ಟು ಎಂದು ಬಿಡಿಸಿ ಹೇಳುವವರು ಯಾರು? 1908ರಲ್ಲಿ ಲಂಡನ್ನಿನವರು ಓಟದ ಕ್ರೀಡಾಂಗಣದ ನಡುವೆಯೇ 100 ಮೀಟರ್ ಉದ್ದದ ಕೊಳ ಕಟ್ಟಿ ಇದಕ್ಕೊಂದು ಉತ್ತರ ಕೊಟ್ಟರು. ಅದೇ ವರ್ಷ ಅದೇ ಊರಿನಲ್ಲಿ ಅಂತಾರಾಷ್ಟ್ರೀಯ ಈಜು ಒಕ್ಕೂಟ ಹುಟ್ಟಿತು. 1924ರ ಪ್ಯಾರಿಸ್‌ನಲ್ಲಿ ಲೇನ್ ಗುರುತಿಸಿದ 50 ಮೀಟರ್ ಕೊಳ ಬಂತು. 1972ರ ಮ್ಯೂನಿಕ್‌ನಲ್ಲಿ ಸ್ವೀಡನ್ನಿನ ಗುನ್ನಾರ್ ಲಾರ್ಸನ್ 400 ಮೀಟರ್ ಮೆಡ್ಲೆಯನ್ನು ಸೆಕೆಂಡಿನ ಸಾವಿರದ ಎರಡು ಭಾಗದಷ್ಟು ಅಂತರದಲ್ಲಿ ಗೆದ್ದಾಗ ಈ ಹಾದಿ ತುದಿ ಮುಟ್ಟಿತು. ಸಾವಿರದ ಲೆಕ್ಕವನ್ನು ಬಳಿಕ ಕೈಬಿಡಲಾಯಿತು. ಅಷ್ಟು ಕರಾರುವಾಕ್ಕಾಗಿ ಎಲ್ಲ ಲೇನುಗಳ ಗೋಡೆಯನ್ನು ಕಟ್ಟುವುದು ಯಾವ ಮೇಸ್ತ್ರಿಗೂ ಆಗದ ಮಾತು. ಇಂದಿಗೂ ಫಲಿತಾಂಶ ನೂರರ ಲೆಕ್ಕದಲ್ಲೇ ನಿಲ್ಲುತ್ತದೆ. ಎಂಬತ್ತು ವರ್ಷ ತುಂಬುವ ಮೊದಲೇ ಈಜು ಕಡಲಿನ ಅಲೆಯಿಂದ ಗಾರೆಕೆಲಸದ ಅಳತೆಯವರೆಗೆ ಬಂದಿತ್ತು.

ಈಜುವ ಶೈಲಿಗಳ ಕಥೆ ಇನ್ನೂ ಸ್ವಾರಸ್ಯದ್ದು. ಬೇಗ ಈಜುವ ವಿದ್ಯೆ ಯುರೋಪಿಗೆ ಹೊರಗಿನಿಂದ, ಹೊಳೆ ಮತ್ತು ಹಿನ್ನೀರಿನ ಜನರಿಂದ ಬಂತು. 1844ರಲ್ಲಿ ಉತ್ತರ ಅಮೆರಿಕದ ಒಜಿಬ್ವೆ ಬುಡಕಟ್ಟಿನ ಇಬ್ಬರು ಲಂಡನ್ನಿನ ಕೊಳವೊಂದರಲ್ಲಿ ತೋಳುಗಳನ್ನು ನೀರಿನ ಮೇಲೆ ಬೀಸಿ, ಕಾಲು ಬಡಿಯುತ್ತ ಈಜಿ ತೋರಿಸಿದರು. ಬ್ರಿಟಿಷರಿಗೆ ಅದು ಸಭ್ಯವಲ್ಲವೆಂದು ಕಂಡಿತು, ಅವರು ತಮ್ಮ ಬ್ರೆಸ್ಟ್‌ಸ್ಟ್ರೋಕಿಗೇ ಅಂಟಿಕೊಂಡರು. 1875ರಲ್ಲಿ ಮ್ಯಾಥ್ಯೂ ವೆಬ್ ಇಂಗ್ಲಿಷ್ ಕಡಲ್ಗಾಲುವೆ ದಾಟಿದ್ದೂ ಬ್ರೆಸ್ಟ್‌ಸ್ಟ್ರೋಕಿನಲ್ಲೇ, ಸುಮಾರು 22 ಗಂಟೆ ತೆಗೆದುಕೊಂಡು. ಅದಕ್ಕೆ ಎರಡು ವರ್ಷ ಮುನ್ನ ಜಾನ್ ಟ್ರಜನ್ ದಕ್ಷಿಣ ಅಮೆರಿಕದಲ್ಲಿ ಕಂಡು ಕಲಿತ ಕೈಬೀಸಿನ ಈಜನ್ನು ಇಂಗ್ಲೆಂಡಿಗೆ ತಂದಿದ್ದ. ಶತಮಾನದ ಕೊನೆಗೆ ಸಾಲೊಮನ್ ದ್ವೀಪಗಳ ಹುಡುಗ ಅಲಿಕ್ ವಿಕಮ್ ಸಿಡ್ನಿಯಲ್ಲಿ ಈಜಿದ ಬಗೆಯನ್ನು ಅಲ್ಲಿನವರು ಬೆರಗಾಗಿ ನೋಡಿದರು. ಕ್ಯಾವಿಲ್ ಮನೆತನದವರ ಕೈಯಲ್ಲಿ ಅದು ಕ್ರಾಲ್ ಎಂದು ರೂಪುಗೊಂಡಿತು. ಇಂದು ಫ್ರೀಸ್ಟೈಲ್ ಸ್ಪರ್ಧೆಯಲ್ಲಿ ಎಲ್ಲರೂ ಈಜುವುದು ಇದನ್ನೇ. ನಿಯಮ ಅದನ್ನು ಕಡ್ಡಾಯ ಮಾಡಿಲ್ಲ; ಅದಕ್ಕಿಂತ ವೇಗದ್ದು ಸಿಕ್ಕಿಲ್ಲ, ಅಷ್ಟೆ.

ಹಾಗಾದರೆ ನಿಧಾನದ ಉಳಿದ ಮೂರು ಶೈಲಿಗಳೇಕೆ ಎಂದು ಕೇಳಬಹುದು. ಓಟದಲ್ಲಿ ಹಿಮ್ಮುಖ ಓಟವೆಂಬ ಸ್ಪರ್ಧೆ ಇಲ್ಲವಲ್ಲ! ನಿಯಮಗಳ ನಿಜವಾದ ಕೆಲಸ ಇಲ್ಲಿದೆ. ಮನುಷ್ಯದೇಹ ನೀರಿನಲ್ಲಿ ಸಾಗಬಲ್ಲ ಬೇರೆ ಬೇರೆ ಬಗೆಗಳನ್ನು ವೇಗದ ಹಸಿವು ನುಂಗದಂತೆ ಅವು ಕಾಪಾಡಿವೆ. 1930ರ ದಶಕದಲ್ಲಿ ಬ್ರೆಸ್ಟ್‌ಸ್ಟ್ರೋಕಿನ ಈಜುಗಾರರು ಕೈಗಳನ್ನು ನೀರಿನ ಮೇಲಿಂದ ಮುಂದಕ್ಕೆ ಎಸೆಯಬಾರದೆಂದು ನಿಯಮದಲ್ಲಿ ಎಲ್ಲೂ ಬರೆದಿಲ್ಲ ಎಂಬುದನ್ನು ಕಂಡುಕೊಂಡು ಹಾಗೆಯೇ ಈಜತೊಡಗಿದರು. ಹಳೆಯ ಶೈಲಿ ಅಳಿಯುವ ಹಂತಕ್ಕೆ ಬಂದಾಗ ಹೊಸದನ್ನು ಬಟರ್‌ಫ್ಲೈ ಎಂದು ಬೇರ್ಪಡಿಸಲಾಯಿತು. 1956ರ ಮೆಲ್ಬರ್ನ್‌ನಲ್ಲಿ ಅದು ಒಲಿಂಪಿಕ್ ಸ್ಪರ್ಧೆಯಾಯಿತು. ಅದೇ ಮೆಲ್ಬರ್ನ್‌ನಲ್ಲಿ ಜಪಾನಿನ ಮಸಾರು ಫುರುಕಾವಾ 200 ಮೀಟರ್ ಬ್ರೆಸ್ಟ್‌ಸ್ಟ್ರೋಕಿನ ಬಹುಪಾಲನ್ನು ನೀರಿನಡಿಯಲ್ಲೇ ಈಜಿ ಚಿನ್ನ ಗೆದ್ದ. ನಿಯಮ ಮತ್ತೆ ಬಿಗಿಯಾಯಿತು. 1988ರ ಸೋಲ್‌ನಲ್ಲಿ ಅಮೆರಿಕದ ಡೇವಿಡ್ ಬರ್ಕಾಫ್ ಮತ್ತು ಜಪಾನಿನ ದೈಚಿ ಸುಜುಕಿ ಬ್ಯಾಕ್‌ಸ್ಟ್ರೋಕಿನ ಆರಂಭದಲ್ಲಿ ಬಹುದೂರ ಮುಳುಗಿಯೇ ಸಾಗಿದಾಗ ನೀರಿನಡಿಯ ದೂರಕ್ಕೆ ಮಿತಿ ಬಂತು. ಈಗ ಬ್ಯಾಕ್‌ಸ್ಟ್ರೋಕ್, ಬಟರ್‌ಫ್ಲೈ, ಫ್ರೀಸ್ಟೈಲ್ ಮೂರಕ್ಕೂ ಅದು 15 ಮೀಟರ್. ಅಷ್ಟರೊಳಗೆ ತಲೆ ನೀರಿನ ಮೇಲೆ ಕಾಣಬೇಕು. ನಮ್ಮ ಹೊಳೆಗಳ ಕಡೆಯಿಂದ ನೋಡಿದರೆ ಇದೇ ದೊಡ್ಡ ಸಂಗತಿ. ಇಲ್ಲಿ ಈಜು ಬಲ್ಲವನೆಂದರೆ ಮುಳುಗಬಲ್ಲವನು. ಹೊಯ್ಗೆ ತೆಗೆಯುವವರು ತಳಕ್ಕಿಳಿದು ಬುಟ್ಟಿ ತುಂಬುತ್ತಿದ್ದರು, ಮರುವಾಯಿ ಹೆಕ್ಕುವವರು ಉಸಿರು ಕಟ್ಟಿ ಕೆಸರು ತಡಕುತ್ತಿದ್ದರು, ನೆರೆಗೆ ಸಿಕ್ಕವರನ್ನು ಹುಡುಕಲು ಇಂದಿಗೂ ಮುಳುಗು ಬಲ್ಲವರಿಗೇ ಕರೆ ಹೋಗುತ್ತದೆ. ಹೊಳೆಬದಿಯವರು ಯಾವುದರಲ್ಲಿ ಎಲ್ಲರಿಗಿಂತ ಮುಂದಿದ್ದರೋ ಅದನ್ನೇ ಸ್ಪರ್ಧೆಯ ನಿಯಮ 15 ಮೀಟರಿಗೆ ತಡೆದು ನಿಲ್ಲಿಸಿತು.

ಸ್ಪರ್ಧೆಯ ಈಜು ಹೊಳೆಯದ್ದಲ್ಲ, ಕೊಳದ್ದು ಎಂಬುದಕ್ಕೆ ಕನ್ನಡನಾಡಿನ ಈಜುಗಾರರೇ ಸಾಕ್ಷಿ. 1999ರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 14 ಚಿನ್ನ ಗೆದ್ದು 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಹೋದ ನಿಶಾ ಮಿಲೆಟ್, 2004ರ ಅಥೆನ್ಸ್‌ಗೆ ಹೋದ ಶಿಖಾ ಟಂಡನ್, 2012ರ ಲಂಡನ್‌ನಲ್ಲಿ 1500 ಮೀಟರ್ ಈಜಿದ ಗಗನ್ ಉಳ್ಳಾಲಮಠ, ಟೋಕಿಯೋಗೆ ಅರ್ಹತೆ ಪಡೆದ ಶ್ರೀಹರಿ ನಟರಾಜ್, 2024ರಲ್ಲಿ 14ರ ವಯಸ್ಸಿನಲ್ಲೇ ಪ್ಯಾರಿಸ್‌ನಲ್ಲಿ ಈಜಿದ ಧಿನಿಧಿ ದೇಸಿಂಗು, ಇವರೆಲ್ಲ ಪಳಗಿದ್ದು ಬೆಂಗಳೂರಿನ ಕೊಳಗಳಲ್ಲಿ. ಕೇರಳದ ಹೆಮ್ಮೆ ಸಾಜನ್ ಪ್ರಕಾಶ್ ಇಡುಕ್ಕಿ ಮೂಲದವರಾದರೂ ಬೆಳೆದದ್ದು ತಮಿಳುನಾಡಿನ ನೆಯ್ವೇಲಿಯ ಲಿಗ್ನೈಟ್ ನಗರದಲ್ಲಿ, ಮಾಗಿದ್ದು ಬೆಂಗಳೂರಿನ ಬಸವನಗುಡಿಯಲ್ಲಿ. ಒಲಿಂಪಿಕ್ಸ್‌ನ ನೇರ ಅರ್ಹತೆಯ ಗುರಿ ಮುಟ್ಟಿದ ಮೊದಲ ಭಾರತೀಯ ಈಜುಗಾರ ಅವರು. ನಲವತ್ತನಾಲ್ಕು ನದಿಗಳ ರಾಜ್ಯಕ್ಕೆ ಆ ಕೀರ್ತಿ ಬಂದದ್ದು ಕೊಳದ ನೀರಿನಿಂದ. ಇದು ಆಕಸ್ಮಿಕವೇನಲ್ಲ. ಸ್ಪರ್ಧೆಗೆ ತಯಾರಾಗುವ ಮಗು ವರ್ಷವಿಡೀ ದಿನವೂ ಒಂದೇ ದೂರವನ್ನು ಗಡಿಯಾರದ ಎದುರು ಈಜಬೇಕು. ಪಯಸ್ವಿನಿ ಆಟಿಯಲ್ಲಿ ಕೆಂಪಾಗಿ ಉಕ್ಕುತ್ತದೆ, ಬೇಸಿಗೆಯಲ್ಲಿ ಕಯಗಳಿಗೆ ಕುಗ್ಗುತ್ತದೆ. ಕೆಳಗೆ ಬಾವಿಕ್ಕೆರೆಯವರೆಗೆ ಕಡಲಿನ ಉಪ್ಪುನೀರು ಏರಿ ಬರುತ್ತಿದ್ದುದರಿಂದಲೇ ಅಲ್ಲಿ ಅಣೆಕಟ್ಟು ಕಟ್ಟಬೇಕಾಯಿತು. ಅಂಥ ನೀರು ಬದುಕುವುದನ್ನು ಕಲಿಸುತ್ತದೆ, ತಿರುವಿನ ಗೋಡೆಯನ್ನು ಒದೆಯುವುದನ್ನು ಕಲಿಸದು.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ 100 ಮೀಟರ್ ಫ್ರೀಸ್ಟೈಲ್ ಗೆದ್ದು ಭಾರತಕ್ಕೆ ಆ ಕೂಟದ ಮೊದಲ ಚಿನ್ನ ತಂದ ಸಚಿನ್ ನಾಗ್ ವಾರಾಣಸಿಯ ಗಂಗೆಯ ಮಗ. ನದಿಯಿಂದ ಚಾಂಪಿಯನ್ ಬಂದದ್ದು ನಿಜವಲ್ಲವೇ? ನಿಜ. ಆದರೆ ಗಂಗೆಯಿಂದ ಚಿನ್ನದವರೆಗಿನ ಅವರ ದಾರಿ ಕೋಲ್ಕತ್ತದ ಹಾಟ್‌ಖೋಲಾ ಕ್ಲಬ್ಬಿನ ಮೂಲಕ ಹೋಯಿತು. ಆ ನಗರದಲ್ಲಿ ಕಾಲೇಜ್ ಸ್ಕ್ವೇರ್, ಹೆದುಆಗಳಂಥ ಚೌಕಾಕಾರದ ಕೆರೆಗಳ ಸುತ್ತ ಕ್ಲಬ್ಬುಗಳು ಬೆಳೆದು ಹಳೆಯ ಕೆರೆನೀರಿಗೇ ಅಳತೆ ಹಾಕಿಕೊಂಡವು. 1959ರಲ್ಲಿ ಇಂಗ್ಲಿಷ್ ಕಡಲ್ಗಾಲುವೆ ದಾಟಿದ ಆರತಿ ಸಾಹಾ ಕೂಡ ಇದೇ ಕ್ಲಬ್ ಪರಂಪರೆಯವರು. ಅದಕ್ಕೂ ಮುನ್ನ, ಬಾಲಕಿಯಾಗಿದ್ದಾಗಲೇ, ಅವರು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಕೊಳದಲ್ಲಿ ಈಜಿದ್ದರು. 2008ರಿಂದ ಒಲಿಂಪಿಕ್ಸ್‌ನಲ್ಲಿ 10 ಕಿಲೋಮೀಟರಿನ ತೆರೆದ ನೀರಿನ ಈಜು ಇರುವುದೂ, 2024ರಲ್ಲಿ ಅದು ಸೇನ್ ನದಿಗೇ ಮರಳಿದ್ದೂ ಹೌದು. ಅಲ್ಲಿ ಎದುರು ಪ್ರವಾಹ ತಪ್ಪಿಸಲು ಈಜುಗಾರರು ದಡದ ಗೋಡೆಗೆ ಒತ್ತಿಕೊಂಡು ಸಾಗಿದರು. ಹೊಳೆ ಬಲ್ಲ ಯಾರಾದರೂ ಮಾಡುತ್ತಿದ್ದುದು ಅದನ್ನೇ. ಆದರೆ ಆ ಸ್ಪರ್ಧೆಗೆ ಬಂದವರು ಸಾವಿರಾರು ಕಿಲೋಮೀಟರುಗಳನ್ನು ಕೊಳದಲ್ಲೇ ಈಜಿ ಬಂದವರು.

ಇನ್ನೊಂದು ಆಕ್ಷೇಪ ಮನಸ್ಸಿಗೆ ಹೆಚ್ಚು ತಾಗುವಂಥದ್ದು. ಹೊಳೆ ಎಲ್ಲರದ್ದು, ಕೊಳಕ್ಕೆ ಶುಲ್ಕ ಬೇಕು. ಹಾಗಿರುವಾಗ ಅಳತೆಯ ನೀರನ್ನು ಹೊಗಳುವುದು ಉಳ್ಳವರ ಪರ ವಾದ ಮಾಡಿದಂತಲ್ಲವೇ? ಹೊಳೆ ನಿಜಕ್ಕೂ ಎಲ್ಲರದ್ದಾಗಿತ್ತೇ ಎಂದು ಮೊದಲು ಕೇಳಬೇಕು. ಹುಡುಗರಿಗೆ ಅದು ಧುಮುಕುವ ಜಾಗವಾಗಿದ್ದಾಗ ಹುಡುಗಿಯರಿಗೆ ಬಟ್ಟೆ ಒಗೆಯುವ ಕಲ್ಲಾಗಿತ್ತು. ಗಂಡಸರ ಕಣ್ಣೆದುರು ಈಜುವುದು ಬೇರೆಡೆಯೂ ಸುಲಭವಿರಲಿಲ್ಲ. 1912ರಲ್ಲಿ ಸ್ಟಾಕ್‌ಹೋಮ್ ಒಲಿಂಪಿಕ್ಸ್ ಮಹಿಳೆಯರಿಗೆ ಮೊದಲ ಬಾರಿ ಈಜಿನ ಬಾಗಿಲು ತೆರೆದಾಗ, ಅಲ್ಲಿ ಚಿನ್ನ ಗೆಲ್ಲಲಿದ್ದ ಆಸ್ಟ್ರೇಲಿಯಾದ ಫ್ಯಾನಿ ಡುರಾಕ್ ಗಂಡಸರಿರುವ ಕೂಟದಲ್ಲಿ ಈಜಬಾರದೆಂದು ಅವಳ ರಾಜ್ಯದ ಮಹಿಳಾ ಈಜು ಸಂಘವೇ ತಡೆದಿತ್ತು. ಜನರ ಒತ್ತಾಯಕ್ಕೆ ಸಂಘ ಮಣಿದ ಮೇಲೆಯೇ ಅವಳು ಹಡಗು ಹತ್ತಿದ್ದು. ಮೇಲೆ ಹೆಸರಿಸಿದ ಬೆಂಗಳೂರಿನ ಐವರಲ್ಲಿ ಮೂವರು ಹೆಣ್ಣುಮಕ್ಕಳು. ಆವರಣ, ನಿಗದಿತ ವೇಳೆ, ತರಬೇತುದಾರ್ತಿ ಇರುವ ಕೊಳಕ್ಕೆ ಬೋವಿಕಾನದ ಯಾವ ಧರ್ಮದ ತಾಯಿಯೂ ಮಗಳನ್ನು ಕಳಿಸಬಲ್ಲಳು, ಹೊಳೆಗೆ ಕಳಿಸಳು.

ಶುಲ್ಕದ ಪ್ರಶ್ನೆ ಹಾಗೆಯೇ ಉಳಿಯುತ್ತದೆ, ಅದನ್ನು ಪಂಚಾಯತು ಮತ್ತು ಶಾಲೆಗಳೇ ಹೊರಬೇಕು. ಹೊರೆ ನಾವು ಎಣಿಸುವಷ್ಟು ದೊಡ್ಡದಲ್ಲ. ಎರಡು ಮೀಟರ್ ಆಳದ 50 ಮೀಟರ್ ಕೊಳ 25 ಮೀಟರ್ ಅಗಲವಿದ್ದರೆ 25 ಲಕ್ಷ ಲೀಟರ್ ನೀರು ಬೇಕು. ಬೇಸಿಗೆಯಲ್ಲಿ ಬಾವಿ ಬತ್ತುವ ಮುರಕಲ್ಲಿನ ನೆಲದಲ್ಲಿ ಅದು ದುಬಾರಿಯೇ. ಆದರೆ 25 ಮೀಟರ್ ಕೊಳಕ್ಕೂ ಅಂತಾರಾಷ್ಟ್ರೀಯ ಮಾನ್ಯತೆ ಇದೆ. 1991ರಿಂದ ಅದರ ವಿಶ್ವದಾಖಲೆಗಳನ್ನು ಬೇರೆಯೇ ಪಟ್ಟಿಯಲ್ಲಿ ಇಡಲಾಗುತ್ತಿದೆ. ಎರಡೂವರೆ ಮೀಟರಿನ ಐದು ಲೇನುಗಳು, ಒಂದೂವರೆ ಮೀಟರ್ ಆಳ ಎಂದು ಲೆಕ್ಕ ಹಾಕಿದರೆ ಐದು ಲಕ್ಷ ಲೀಟರಿಗಿಂತ ಕಡಿಮೆ ನೀರು ಸಾಕು. ಸೋಸುವ ಯಂತ್ರವಿದ್ದರೆ ಅದೇ ನೀರನ್ನು ತಿಂಗಳುಗಟ್ಟಲೆ ಬಳಸಬಹುದು. ಗಡಿಯಾಚೆ ಪುತ್ತೂರಿನ ಬಾಲವನದಲ್ಲಿ, ಶಿವರಾಮ ಕಾರಂತರು ಮಕ್ಕಳಿಗಾಗಿ ಕಟ್ಟಿದ ಆ ಜಾಗದಲ್ಲಿ, ಈಗ ಈಜುಕೊಳವಿದೆ, ಪುತ್ತೂರು ಮಹಾನಗರವೇನಲ್ಲ. ಮುಳಿಯಾರಿನಲ್ಲಿ ಅಂಥದ್ದೊಂದು ಬಂದರೆ ಅದರ ಎರಡು ತುದಿಯ ಗೋಡೆಗಳು ನೆಟ್ಟಗಿರಲಿ, ಉದ್ದ 25 ಮೀಟರಿಗೆ ಒಂದು ಬೆರಳೂ ಕಡಿಮೆಯಾಗದಿರಲಿ. ಅಳತೆ ತಪ್ಪಿದ ಕೊಳದಲ್ಲಿ ಮಗು ಎಷ್ಟು ವೇಗವಾಗಿ ಈಜಿದರೂ ಆ ವೇಗವನ್ನು ಯಾವ ದಾಖಲೆಪುಸ್ತಕವೂ ಸೇರಿಸಿಕೊಳ್ಳುವುದಿಲ್ಲ.