ಅರಸನ ಕಬಾಯಿ, ನೇಕಾರನ ಮಗ್ಗ

ಅರಮನೆಯ ವೈಭವವನ್ನು ವರ್ಣಿಸುವವರು ಅರಸನ ಉಡುಪನ್ನು ಮರೆಯುವುದಿಲ್ಲ. ಆದರೆ ಆ ಬಟ್ಟೆ ಎಲ್ಲಿಂದ ಬಂದಿತು, ಅದರ ಹಿಂದೆ ಯಾರ ದುಡಿಮೆಯಿತ್ತು ಎಂಬುದನ್ನು ಹೇಳುವವರು ವಿರಳ. ವಿಜಯನಗರದ ಆಸ್ಥಾನವು ಇದಕ್ಕೊಂದು ನಿದರ್ಶನ.

ಕ್ರಿ.ಶ. 1443ರಲ್ಲಿ ಪಾರಸೀಕ ರಾಯಭಾರಿ ಅಬ್ದುರ್ ರಜಾಕನು ಕಂಡಾಗ ಇಮ್ಮಡಿ ದೇವರಾಯನು ಜೈತೂನಿ ರೇಷ್ಮೆಯ ನಿಲುವಂಗಿ ತೊಟ್ಟಿದ್ದನು. ಚೀನಾದ ಜೈತೂನ್ ಬಂದರಿನಿಂದ ಆ ನುಣುಪು ರೇಷ್ಮೆಗೆ ಈ ಹೆಸರು ಬಂದಿತ್ತು. ಉದ್ದನೆಯ ನಿಲುವಂಗಿಗೆ ಕಬಾಯಿಯೆಂದೂ ಎತ್ತರದ ಟೋಪಿಗೆ ಕುಲಾವಿಯೆಂದೂ ಹೆಸರು. ಇವೆರಡೂ ಅರಬ್ಬೀ, ಪಾರಸೀ ನಾಡುಗಳಿಂದ ಬಂದ ಪದಗಳು. ಲೇಪಾಕ್ಷಿಯ ವೀರಭದ್ರ ದೇವಾಲಯದ ಚಿತ್ರಗಳಲ್ಲಿ ಈ ಉಡುಪನ್ನು ಇಂದಿಗೂ ಕಾಣಬಹುದು. ದೇವರ ಮುಂದೆ ಮಾತ್ರ ರೀತಿ ಬೇರೆ: ತಿರುಮಲೆಯ ಲೋಹವಿಗ್ರಹದಲ್ಲಿ ಕೃಷ್ಣದೇವರಾಯನು ಕುಲಾವಿ ಧರಿಸಿದ್ದರೂ ಬರಿಮೈಯಲ್ಲಿ ಕೈಮುಗಿದು ನಿಂತಿದ್ದಾನೆ.

ಸುಮಾರು 1520ರಲ್ಲಿ ಪೋರ್ಚುಗೀಸ್ ಪ್ರವಾಸಿ ಪಾಯೆಸನು ಕಂಡ ಕೃಷ್ಣದೇವರಾಯನ ಬಿಳಿಯ ವಸ್ತ್ರದ ಮೇಲೆ ಚಿನ್ನದ ಗುಲಾಬಿಗಳ ಕಸೂತಿಯಿತ್ತು. ಅಚ್ಯುತರಾಯನ ಕಾಲದ ನೂನಿಜನು ಇನ್ನೂ ಸೋಜಿಗದ ಸಂಗತಿಯನ್ನು ತಿಳಿಸುತ್ತಾನೆ. ಅರಸನು ಒಮ್ಮೆ ತೊಟ್ಟ ಬಟ್ಟೆಯನ್ನು ಮತ್ತೆ ತೊಡುತ್ತಿರಲಿಲ್ಲ. ಕಳಚಿದೊಡನೆ ಅದು ಅಧಿಕಾರಿಗಳ ವಶಕ್ಕೆ ಹೋಗುತ್ತಿತ್ತು. ಅವರು ಅದಕ್ಕೆ ಲೆಕ್ಕ ಒಪ್ಪಿಸಬೇಕಿತ್ತು. ಅದನ್ನು ಯಾರಿಗೂ ಕೊಡುತ್ತಿರಲಿಲ್ಲ. ಒಂದೊಂದು ಜರತಾರಿ ವಸ್ತ್ರದ ಬೆಲೆ 10 ವರಹ.

ಇಷ್ಟೊಂದು ರೇಷ್ಮೆಗೆ ಬೆಲೆ ತೆತ್ತವರಾರು? 1547ರಲ್ಲಿ ಸದಾಶಿವರಾಯನ ಆಳ್ವಿಕೆಯಲ್ಲಿ ಪೋರ್ಚುಗೀಸರೊಡನೆ ಆದ ಒಪ್ಪಂದವು ಇದರ ಸುಳಿವು ನೀಡುತ್ತದೆ. ಅದರಂತೆ ರಾಜ್ಯದ ಬಟ್ಟೆಯೆಲ್ಲವೂ ಬಿಜಾಪುರದ ಸುಲ್ತಾನನ ಬಂದರುಗಳಿಗೆ ಹೋಗದೆ ಅಂಕೋಲಾ ಇಲ್ಲವೆ ಹೊನ್ನಾವರಕ್ಕೆ ಬರಬೇಕು. ಅಲ್ಲಿ ಅದಕ್ಕೆ ಬದಲಾಗಿ ತಾಮ್ರ, ಹವಳ, ಪಾದರಸ, ಚೀನಾ ರೇಷ್ಮೆ ದೊರೆಯಬೇಕು. ಎಂದರೆ ಸಾಗರದಾಚೆಯ ರೇಷ್ಮೆಯನ್ನು ತಂದುದು ಈ ನಾಡಿನ ನೇಕಾರರ ಬಟ್ಟೆಯೇ. ಅದೇ ನೇಕಾರರು ತಮ್ಮ ಮಗ್ಗಗಳಿಗೆ ಮಗ್ಗದೆರೆಯನ್ನೂ ತೆರುತ್ತಿದ್ದರೆಂಬುದನ್ನು ಶಾಸನಗಳು ಸಾರುತ್ತವೆ.

1565ರ ಯುದ್ಧದ ತರುವಾಯ ರಾಜಧಾನಿ ಹಾಳಾಯಿತು. ಯಾರಿಗೂ ದಕ್ಕದಂತೆ ಕೂಡಿಟ್ಟ ವಸ್ತ್ರರಾಶಿಯು ಅರಸೊತ್ತಿಗೆಯನ್ನು ಕಾಯಲಿಲ್ಲ. ಪ್ರವಾಸಿಗರು ಉಡುಪಿನ ಬೆಲೆಯನ್ನು ಬರೆದಿಟ್ಟರು; ನೇಯ್ದವನ ಹೆಸರನ್ನು ಬರೆಯಲಿಲ್ಲ. ಆದರೂ ಅರಸನ ಮೈ ಮುಚ್ಚಿದುದು ಆ ಹೆಸರಿಲ್ಲದ ಕೈಗಳ ದುಡಿಮೆಯೇ ಎಂಬುದನ್ನು ಮರೆಯಲಾಗದು.